ಕೆರೆಕೋಡಿಯ ಮಠ: ಬಳ್ಳಿಗಾವಿಯಲ್ಲಿ ಒಂದು ಸಂಸ್ಥೆ ನಡೆದ ಬಗೆ

ಶಿರಾಳಕೊಪ್ಪದ ಮಗ್ಗುಲಿನ ಬಳ್ಳಿಗಾವಿಯಲ್ಲಿ ಕೇದಾರೇಶ್ವರ ದೇಗುಲ ಇವತ್ತಿಗೂ ಗಟ್ಟಿಯಾಗಿ ನಿಂತಿದೆ. ಮೂರು ಗರ್ಭಗುಡಿಗಳ ಆ ಕಟ್ಟಡವನ್ನು ಕೇಂದ್ರ ಪುರಾತತ್ವ ಇಲಾಖೆ ಕಾಯುತ್ತಿದೆ. ಶಾಲಾ ಮಕ್ಕಳು ಪ್ರವಾಸಕ್ಕೆ ಬರುತ್ತಾರೆ, ಕಂಬಗಳ ನುಣುಪನ್ನು ಮುಟ್ಟಿ ನೋಡುತ್ತಾರೆ, ಮುಂದಿನ ಊರಿಗೆ ಹೋಗುತ್ತಾರೆ. 12ನೇ ಶತಮಾನದಲ್ಲಿ ಈ ದೇಗುಲವನ್ನು ನಡೆಸುತ್ತಿದ್ದ ಸಂಸ್ಥೆ ಮಾತ್ರ ಅವರ ಕಣ್ಣಿಗೆ ಬೀಳುವುದಿಲ್ಲ. ಅದರ ಓದುಮನೆಯಾಗಲಿ, ಅಡುಗೆಶಾಲೆಯಾಗಲಿ, ರೋಗಿಗಳಿಗೆ ಮದ್ದು ಕೊಡುತ್ತಿದ್ದ ಜಾಗವಾಗಲಿ ಕೈತೋರಿಸಿ ಹೇಳುವಂತೆ ಉಳಿದಿಲ್ಲ. ತಾವರೆಕೆರೆಯ ಕೋಡಿಯ ಬಳಿ ಇದ್ದದ್ದರಿಂದ ಜನ ಅದನ್ನು ಕೋಡಿಯ ಮಠ ಎಂದು ಕರೆದರು.

ಶಿಕಾರಿಪುರ, ಸೊರಬ ತಾಲ್ಲೂಕುಗಳಲ್ಲಿ ಇವತ್ತು ಸಂಘಸಂಸ್ಥೆಗಳಿಗೆ ಕೊರತೆಯಿಲ್ಲ. ವಿದ್ಯಾಸಂಸ್ಥೆಗಳಿವೆ, ವಿದ್ಯಾರ್ಥಿನಿಲಯಗಳಿವೆ, ಯುವಕ ಸಂಘ, ಮಹಿಳಾ ಮಂಡಲ, ಕಲಾಸಂಘಗಳಿವೆ. ಬೆಳ್ಳಿಹಬ್ಬ, ಸುವರ್ಣ ಮಹೋತ್ಸವ ಬಂದಾಗ ಅವು ಸ್ಮರಣ ಸಂಚಿಕೆ ತರುತ್ತವೆ. ಸ್ಥಾಪಕರ ಭಾವಚಿತ್ರ, ಕಟ್ಟಡದ ಉದ್ಘಾಟನೆಯ ಛಾಯಾಚಿತ್ರ, ದಾನಿಗಳ ಪಟ್ಟಿ ತಪ್ಪದೆ ಅಚ್ಚಾಗುತ್ತವೆ. ಸಂಸ್ಥೆಯೊಳಗೆ ದುಡಿದವರು ಹೇಗೆ ಬದುಕಿದರು, ಅವರ ಊಟ ಬಟ್ಟೆಗೆ ಯಾವ ವ್ಯವಸ್ಥೆ ಇತ್ತು, ಹಿರಿಯರು ಹಿಂದೆ ಸರಿದಾಗ ಹೊಣೆ ಯಾರ ಕೈಗೆ ಹೋಯಿತು ಎಂಬ ವಿವರ ಅಪರೂಪ. ಸಂಸ್ಥೆಯ ಆರೋಗ್ಯ ಗೊತ್ತಾಗುವುದು ಇಂಥ ವಿವರಗಳಿಂದಲೇ. ಈ ವಿಷಯದಲ್ಲಿ ಒಂಬೈನೂರು ವರ್ಷದ ಹಿಂದೆ ಇದೇ ನೆಲದವರು ಕಲ್ಲಿನ ಮೇಲೆ ಬರೆಸಿಟ್ಟ ದಾಖಲೆಗಳು ಇವತ್ತಿನ ಅನೇಕ ವಾರ್ಷಿಕ ವರದಿಗಳಿಗಿಂತ ಹೆಚ್ಚು ಸ್ಪಷ್ಟವಾಗಿವೆ.

ಆ ದಾಖಲೆಗಳು ಓದುಗರಿಗೆ ಸಿಗುವಂತೆ ಮಾಡಿದವರು ಶಾಸನತಜ್ಞ ಬಿ. ಎಲ್. ರೈಸ್. ಎಪಿಗ್ರಾಫಿಯಾ ಕರ್ನಾಟಿಕಾದ 7ನೇ ಸಂಪುಟದಲ್ಲಿ ಶಿಕಾರಿಪುರ ತಾಲ್ಲೂಕಿನ ಶಾಸನಗಳಿವೆ. ಅದು ಅಚ್ಚಾದದ್ದು 1902ರಲ್ಲಿ. ಎರಡು ವರ್ಷದ ನಂತರ ಬಂದ 8ನೇ ಸಂಪುಟದಲ್ಲಿ ಸೊರಬದವು ಸೇರಿದವು. ಇಷ್ಟು ಚಿಕ್ಕ ಸೀಮೆಯಲ್ಲಿ ಇಷ್ಟೊಂದು ಬರಹ ಸಿಗುವ ಜಾಗಗಳು ಕರ್ನಾಟಕದಲ್ಲಿ ಹೆಚ್ಚಿಲ್ಲ.

ಬಳ್ಳಿಗಾವಿಗಿಂತ ಮೊದಲು ಅದರ ಹತ್ತಿರದ ತಾಳಗುಂದವನ್ನು ನೆನೆಯಬೇಕು. ಪ್ರಣವೇಶ್ವರ ದೇಗುಲದ ಮುಂದಿನ ಕಂಬದ ಮೇಲೆ ಕವಿ ಕುಬ್ಜ ರಚಿಸಿದ ಸಂಸ್ಕೃತ ಶಾಸನದಲ್ಲಿ ಮಯೂರಶರ್ಮನ ಕಥೆ ಬರುತ್ತದೆ. 4ನೇ ಶತಮಾನದಲ್ಲಿ ಈ ಊರಿನ ಹುಡುಗ ಹೆಚ್ಚಿನ ಓದಿಗಾಗಿ ತನ್ನ ಗುರು ವೀರಶರ್ಮನ ಜೊತೆ ಕಂಚಿಯ ಘಟಿಕೆ ಎಂಬ ವಿದ್ಯಾಕೇಂದ್ರಕ್ಕೆ ಹೋದ. ಅಲ್ಲಿ ಪಲ್ಲವರ ಕುದುರೆ ಸವಾರನೊಬ್ಬನ ಜೊತೆ ಜಗಳವಾಗಿ, ದರ್ಭೆ ಹಿಡಿದ ಕೈ ಕತ್ತಿ ಹಿಡಿದು, ಕದಂಬ ರಾಜ್ಯ ಹುಟ್ಟಿತು ಎಂಬ ಭಾಗವನ್ನು ಪಠ್ಯಪುಸ್ತಕಗಳು ಮರೆಯದೆ ಹೇಳುತ್ತವೆ. ಸಂಸ್ಥೆಗಳ ಇತಿಹಾಸ ಬರೆಯುವವರಿಗೆ ಮುಖ್ಯವಾದದ್ದು ಅದರ ಮೊದಲ ಭಾಗ. ಹೆಚ್ಚು ಓದಬೇಕೆಂದರೆ ಆಗ ಕಂಚಿಗೆ ಹೋಗಬೇಕಿತ್ತು. ಎಂಟು ಶತಮಾನಗಳ ನಂತರ ಓದು, ಊಟ, ಔಷಧ ಮೂರೂ ತಾಳಗುಂದದ ಪಕ್ಕದಲ್ಲೇ ಸಿಗುವಂತಾಯಿತು. ಅದೇ ಕುಬ್ಜನ ಶಾಸನದಲ್ಲಿ ಕಾಕುಸ್ಥವರ್ಮ ದೇಗುಲದ ಹತ್ತಿರ ದೊಡ್ಡ ಕೆರೆಯೊಂದನ್ನು ಕಟ್ಟಿಸಿದ ಸಂಗತಿಯೂ ಇದೆ. ಸಂಸ್ಥೆ ನಿಲ್ಲುವ ಕಡೆ ಮೊದಲು ನೀರು ನಿಲ್ಲಬೇಕೆಂಬುದು ಈ ಸೀಮೆಯವರಿಗೆ ಅಷ್ಟು ಹಿಂದೆಯೇ ಗೊತ್ತಿತ್ತು.

ಕಲ್ಯಾಣ ಚಾಳುಕ್ಯರ ಕಾಲಕ್ಕೆ ಬಳ್ಳಿಗಾವಿ ಬನವಾಸಿ ಪನ್ನಿರ್ಚ್ಛಾಸಿರದ, ಅಂದರೆ ಬನವಾಸಿ ಹನ್ನೆರಡು ಸಾವಿರವೆಂಬ ನಾಡಿನ, ಆಡಳಿತದ ಊರಾಗಿತ್ತು, ವ್ಯಾಪಾರದ ಊರೂ ಆಗಿತ್ತು. ಇಲ್ಲಿನ ಶಾಸನಗಳಲ್ಲಿ ಶೈವ, ಜೈನ, ವೈಷ್ಣವ, ಬೌದ್ಧ ನೆಲೆಗಳೆಲ್ಲ ಕಾಣುತ್ತವೆ. 1047ರಲ್ಲಿ ಚಾವುಂಡರಾಯರಸ ಭೇರುಂಡೇಶ್ವರ ಸ್ತಂಭವನ್ನು ನಿಲ್ಲಿಸಿದ. 1065ರಲ್ಲಿ ಚಾಳುಕ್ಯರ ದಂಡನಾಯಕ ರೂಪಭಟ್ಟಯ್ಯ ಜಯಂತಿ ಬೌದ್ಧ ವಿಹಾರವನ್ನು ಕಟ್ಟಿಸಿ, ತಾರಾ ಭಗವತಿಯ ಪೂಜೆಗೂ ಅಲ್ಲಿದ್ದ ಸಂನ್ಯಾಸಿಗಳ ಊಟಕ್ಕೂ ದತ್ತಿ ಬಿಟ್ಟ. ಒಂದೇ ಊರಿನಲ್ಲಿ ಇಷ್ಟು ಸಂಸ್ಥೆಗಳು ಒಟ್ಟಿಗೆ ನಡೆಯುತ್ತಿದ್ದವು ಎಂದರೆ ದಾನ ಕೊಡುವ ಕೈಗಳೂ ಇದ್ದವು, ಕೊಟ್ಟದ್ದನ್ನು ನೋಡಿಕೊಳ್ಳುವ ಕಣ್ಣುಗಳೂ ಇದ್ದವು.

ಕೋಡಿಯ ಮಠ ಕಾಳಾಮುಖ ಶೈವರದು. ಇವರು ಲಾಕುಳ ಸಿದ್ಧಾಂತವನ್ನು ಅನುಸರಿಸಿದವರು, ನೈಷ್ಠಿಕ ಬ್ರಹ್ಮಚಾರಿಗಳು, ಪಾಠ ಹೇಳುವುದನ್ನೇ ತಪಸ್ಸಾಗಿ ಮಾಡಿಕೊಂಡವರು. ಕಾಳಾಮುಖರೆಂದರೆ ತಲೆಬುರುಡೆ ಹಿಡಿದು ಬೂದಿ ಬಳಿದುಕೊಂಡ ಉಗ್ರರೆಂದು ಬೇರೆ ಮತದ ಗ್ರಂಥಗಳು ಬರೆದಿವೆ. ಬಳ್ಳಿಗಾವಿಯ ಕಲ್ಲುಗಳಲ್ಲಿ ಕಾಣುವ ಕಾಳಾಮುಖರು ವ್ಯಾಕರಣ ಕಲಿಸುವವರು, ಅನ್ನ ಹಾಕುವವರು. ಡೇವಿಡ್ ಲೊರೆನ್‌ಜನ್ ಎಂಬ ವಿದ್ವಾಂಸರು ಕಾಪಾಲಿಕರನ್ನೂ ಕಾಳಾಮುಖರನ್ನೂ ಕುರಿತು ಬರೆದ ಪುಸ್ತಕದಲ್ಲಿ ಈ ಅಂತರವನ್ನು ಬಿಡಿಸಿ ತೋರಿಸಿದ್ದಾರೆ. ಅದಕ್ಕೆ ಅವರು ಮುಖ್ಯವಾಗಿ ಆಧರಿಸಿದ್ದು ಕರ್ನಾಟಕದ ಇಂಥ ಶಾಸನಗಳನ್ನೇ.

1162ರ ಶಾಸನ ಇಲ್ಲಿನ ಎಲ್ಲ ದಾಖಲೆಗಳಿಗೂ ಕಳಶಪ್ರಾಯವಾದದ್ದು. ಕಲಚುರಿ ಬಿಜ್ಜಳ ದಕ್ಷಿಣದ ಸೀಮೆಗಳನ್ನು ಹತೋಟಿಗೆ ತರಲು ಬಂದು ಬಳ್ಳಿಗಾವಿಯಲ್ಲಿ ಬೀಡುಬಿಟ್ಟಿದ್ದ. ಆಗ ಅಧಿಕಾರಿ ಕಸಪಯ್ಯನಾಯಕ ದಕ್ಷಿಣ ಕೇದಾರದ, ಅಂದರೆ ಈ ಕೇದಾರೇಶ್ವರ ದೇಗುಲದ, ಮಹಿಮೆಯನ್ನು ಅರಸನಿಗೆ ಬಿನ್ನೈಸಿಕೊಂಡು ದತ್ತಿ ಬಿಡಿಸಿದ. ಆ ಸಂದರ್ಭದಲ್ಲಿ ಶಾಸನ ಬರೆದವನು ಮಠ ಏನೇನಾಗಿತ್ತು ಎಂದು ಒಂದೊಂದಾಗಿ ಹೇಳುತ್ತಾ ಹೋಗುತ್ತಾನೆ.

ಅದು ನಾಲ್ಕು ವೇದಗಳನ್ನು ಅಂಗಗಳೊಂದಿಗೆ ಓದುವ ಜಾಗ. ಕೌಮಾರ, ಪಾಣಿನೀಯ, ಶಾಕಟಾಯನ ಮೊದಲಾದ ವ್ಯಾಕರಣಗಳನ್ನು ಬಿಡಿಸಿ ಹೇಳುವ ಜಾಗ. ನ್ಯಾಯ, ವೈಶೇಷಿಕ, ಮೀಮಾಂಸೆ, ಸಾಂಖ್ಯ, ಬೌದ್ಧ ಮೊದಲಾದ ದರ್ಶನಗಳ ಚರ್ಚೆ ನಡೆಯುವ ಜಾಗ. ಲಾಕುಳ ಸಿದ್ಧಾಂತ, ಪಾತಂಜಲ ಯೋಗ, ಪುರಾಣ, ಧರ್ಮಶಾಸ್ತ್ರ, ಕಾವ್ಯ, ನಾಟಕಗಳಿಗೂ ಅಲ್ಲಿ ಸ್ಥಳವಿತ್ತು. ಶಾಕಟಾಯನ ಜೈನ ವೈಯಾಕರಣಿ. ಬೌದ್ಧ ದರ್ಶನ ಶೈವರ ಎದುರು ಪಕ್ಷ. ತಮ್ಮ ಮಠದಲ್ಲಿ ಇವನ್ನೂ ಕಲಿಸುತ್ತೇವೆಂದು ಕಲ್ಲಿನ ಮೇಲೆ ಹೆಮ್ಮೆಯಿಂದ ಬರೆಸಿಕೊಂಡ ಆಚಾರ್ಯರ ಎದೆಗಾರಿಕೆ ದೊಡ್ಡದು.

ಪಟ್ಟಿ ಪಾಠಕ್ಕೇ ನಿಲ್ಲುವುದಿಲ್ಲ. ದೀನರು, ಅನಾಥರು, ಕಾಲಿಲ್ಲದವರು, ಕಣ್ಣಿಲ್ಲದವರು, ಕಿವಿ ಕೇಳದವರು ಉಣ್ಣುವ ಜಾಗವೂ ಅದೇ. ಕಥೆ ಹೇಳುವವರು, ಹಾಡುವವರು, ವಾದ್ಯ ನುಡಿಸುವವರು, ಕೊಳಲೂದುವವರು, ಕುಣಿಯುವವರು ಕೂಡ ಆ ಪಂಕ್ತಿಯಲ್ಲಿದ್ದಾರೆ. ಜೈನ ಕ್ಷಪಣಕರಿದ್ದಾರೆ, ಏಕದಂಡಿ, ತ್ರಿದಂಡಿ ಸಂನ್ಯಾಸಿಗಳಿದ್ದಾರೆ, ಬೇರೆ ಬೇರೆ ನಾಡುಗಳಿಂದ ಬಂದ ಭಿಕ್ಷುಕರಿದ್ದಾರೆ. ಅಲ್ಲಿಂದ ಮುಂದೆ ಅನೇಕ ಬಗೆಯ ರೋಗಿಗಳಿಗೆ ಔಷಧ ಕೊಡುವ ಜಾಗವೆಂಬ ಮಾತು ಬರುತ್ತದೆ. ಎಲ್ಲ ಜೀವಿಗಳಿಗೂ ಅಭಯ ಸಿಗುವ ಜಾಗವೆಂದು ಹೇಳಿ ಪಟ್ಟಿ ಮುಗಿಯುತ್ತದೆ.

ಶಾಸನದ ಹೊಗಳಿಕೆಯ ಭಾಗವನ್ನು ಅಕ್ಷರಶಃ ನಂಬಬೇಕಾಗಿಲ್ಲ. ಅರಸನ ಎದುರು ಮಠವನ್ನು ಎತ್ತಿ ಹೇಳುವಾಗ ಒಂದಿಷ್ಟು ಹೆಚ್ಚು ಹೇಳುವುದು ಅಂದಿಗೂ ಸಹಜ, ಇಂದಿಗೂ ಸಹಜ. ಹಾಗಿದ್ದರೂ ಏನನ್ನು ಹೊಗಳಿಕೆಯೆಂದು ಎಣಿಸಿದರು ಎಂಬುದು ಅವರ ಆದರ್ಶವನ್ನು ಹೇಳುತ್ತದೆ. ಗೋಪುರದ ಎತ್ತರ, ಚಿನ್ನದ ತೂಕ ಹೇಳುವಲ್ಲಿ ಇವರು ಕಿವುಡರ ಊಟ, ರೋಗಿಗಳ ಮದ್ದು ಹೇಳಿದರು.

ಹೊಗಳಿಕೆಗಿಂತ ನಂಬಿಕೆಗೆ ಅರ್ಹವಾದದ್ದು ದತ್ತಿಯ ಭಾಗ. ಅದು ಲೆಕ್ಕಪತ್ರದ ಭಾಷೆ. ಈ ಸೀಮೆಯ ದಾನಶಾಸನಗಳಲ್ಲಿ ಮತ್ತೆ ಮತ್ತೆ ಬರುವ ಕೆಲವು ಮಾತುಗಳಿವೆ. ಅಂಗಭೋಗ ಎಂದರೆ ದೇವರ ಅಭಿಷೇಕ, ಅಲಂಕಾರದ ಖರ್ಚು. ರಂಗಭೋಗ ಎಂದರೆ ಹಾಡು ಕುಣಿತಗಳ ಖರ್ಚು, ಅಂದರೆ ಕಲಾವಿದರ ಸಂಬಳ. ಖಂಡಸ್ಫುಟಿತ ಜೀರ್ಣೋದ್ಧಾರ ಎಂದರೆ ಒಡೆದದ್ದು, ಬಿರುಕು ಬಿಟ್ಟದ್ದರ ದುರಸ್ತಿ. ವಿದ್ಯಾರ್ಥಿಗಳ ಮತ್ತು ತಪೋಧನರ ಅಶನಾಚ್ಛಾದನ ಎಂದರೆ ಒಳಗಿರುವವರ ಊಟ ಬಟ್ಟೆ. 1036ರಲ್ಲಿ ಚಾಳುಕ್ಯ ಜಯಸಿಂಹ ಬಳ್ಳಿಗಾವಿಯ ಪಂಚಲಿಂಗ ದೇಗುಲದ ಕಾಳಾಮುಖ ಬ್ರಹ್ಮಚಾರಿ ಸ್ಥಾನಕ್ಕೆ ಲಾಕುಳೀಶ್ವರ ಪಂಡಿತನ ಕೈಯಲ್ಲಿ ದತ್ತಿ ಬಿಟ್ಟಾಗ ದುರಸ್ತಿ, ಪೂಜೆಗಳ ಜೊತೆಗೆ ವಿದ್ಯಾರ್ಥಿಗಳ ಊಟ ಬಟ್ಟೆಯೂ ಅದರ ಉದ್ದೇಶದಲ್ಲಿ ಸೇರಿತ್ತು. ಕೊಡುವ ಹೊತ್ತಿನಲ್ಲೇ ಹಣ ಯಾವ ಯಾವ ಬಾಬ್ತಿಗೆ ಎಂದು ಹೀಗೆ ನಿಗದಿಯಾಗುತ್ತಿತ್ತು.

ಇದರಲ್ಲಿ ಎರಡು ವಿವೇಕಗಳಿವೆ. ಮೊದಲನೆಯದು ದುರಸ್ತಿಯ ಬಾಬ್ತು. ಹೊಸ ಕಟ್ಟಡಕ್ಕೆ ದಾನಿಗಳು ಸುಲಭವಾಗಿ ಸಿಗುತ್ತಾರೆ, ಹಳೆಯ ಮಾಡಿನ ಹೆಂಚು ಬದಲಿಸಲು ಸಿಗುವುದಿಲ್ಲ. ಮಲೆನಾಡಿನ ಅಂಚಿನ ಮಳೆಯಲ್ಲಿ ಕಟ್ಟಡ ನಡೆಸಿದವರಿಗೆಲ್ಲ ಇದು ಗೊತ್ತು. ಅದಕ್ಕೇ ಕಟ್ಟುವಾಗಲೇ ರಿಪೇರಿಗೂ ಭೂಮಿ ಬಿಟ್ಟರು. ಎರಡನೆಯದು ಒಳಗಿನವರ ಪೋಷಣೆ. ಪಾಠ ಹೇಳುವವನಿಗೂ ಕೇಳುವವನಿಗೂ ನಾಳೆಯ ಊಟದ ಚಿಂತೆ ಇರಕೂಡದೆಂಬುದು ದಾನದ ಷರತ್ತೇ ಆಗಿತ್ತು. ಉಳಿದರೆ ಕೊಡೋಣ ಎಂಬ ಮಾತಿಗೆ ಅಲ್ಲಿ ಜಾಗವಿರಲಿಲ್ಲ.

ಕರ್ನಾಟಕದ ಬೇರೆ ಕಡೆಗಳಲ್ಲೂ ಇಂಥ ಏರ್ಪಾಡು ಇತ್ತು. ಇಂಡಿ ತಾಲ್ಲೂಕಿನ ಸಾಲೋಟಗಿಯಲ್ಲಿ 945ರಲ್ಲಿ ರಾಷ್ಟ್ರಕೂಟರ ಮಂತ್ರಿ ನಾರಾಯಣ ಕಟ್ಟಿಸಿದ ಶಾಲೆಯಲ್ಲಿ ಬೇರೆ ಬೇರೆ ನಾಡಿನ ವಿದ್ಯಾರ್ಥಿಗಳು ಉಳಿದುಕೊಳ್ಳಲು 27 ಮನೆಗಳಿದ್ದವು. ಉಪಾಧ್ಯಾಯನಿಗೆ ಬೇರೆ ಭೂಮಿ, ರಾತ್ರಿ ದೀಪದ ಎಣ್ಣೆಗೆ ಬೇರೆ ಭೂಮಿ. ಊರಿನವರು ಮದುವೆ, ಉಪನಯನ, ಚೌಲ ನಡೆದಾಗ ಗೊತ್ತುಪಡಿಸಿದ ಕಾಣಿಕೆಯನ್ನು ಶಾಲೆಗೆ ಕೊಡಬೇಕಿತ್ತು. ಮದುವೆಗೆ ಹೆಚ್ಚು, ಉಳಿದವಕ್ಕೆ ಕಡಿಮೆ. ಇವತ್ತಿನ ಸದಸ್ಯತ್ವ ಶುಲ್ಕಕ್ಕಿಂತ ಇದು ಜಾಣತನದ ಕ್ರಮ, ಏಕೆಂದರೆ ಮನೆಯಲ್ಲಿ ಸಂತೋಷವಿದ್ದ ದಿನ ಕೇಳಿದರೆ ಕೈ ಹಿಂದೆಗೆಯುವವರು ಕಡಿಮೆ. 1058ರಲ್ಲಿ ಚಾಳುಕ್ಯ ಸೋಮೇಶ್ವರನ ದಂಡನಾಯಕ ಮಧುಸೂದನ ನಾಗಾವಿಯಲ್ಲಿ ಸ್ಥಾಪಿಸಿದ ಘಟಿಕೆಯಲ್ಲಿ ಗುರುಗಳ ಜೊತೆಗೆ ಸರಸ್ವತೀ ಭಂಡಾರಿಗರಿಗೂ, ಅಂದರೆ ಪುಸ್ತಕ ಕಾಯುವವರಿಗೂ ಜೀವನೋಪಾಯದ ಭೂಮಿ ಮೀಸಲಾಗಿತ್ತು. ಹಳ್ಳಿಯ ಕಾಲೇಜುಗಳಲ್ಲಿ ಇವತ್ತು ಗ್ರಂಥಪಾಲಕರ ಹುದ್ದೆ ವರ್ಷಗಟ್ಟಲೆ ಖಾಲಿ ಬಿದ್ದಿರುವುದನ್ನು ಕಂಡವರು ಈ ಸಂಗತಿಯನ್ನು ಎರಡು ಸಲ ಓದಬೇಕು.

ಹಣ, ಭೂಮಿ, ಊಟ ಎಲ್ಲ ಸರಿಯಾಗಿದ್ದೂ ಸಂಸ್ಥೆಗಳು ಬೀಳುತ್ತವೆ. ಹಿರಿಯರು ಕುರ್ಚಿ ಬಿಡದಿದ್ದಾಗ ಬೀಳುತ್ತವೆ. ಬಿಟ್ಟರೂ ಹಿಡಿದುಕೊಳ್ಳಲು ಯಾರನ್ನೂ ತಯಾರು ಮಾಡದಿದ್ದಾಗಲೂ ಬೀಳುತ್ತವೆ. ಕೋಡಿಯ ಮಠದ ಗುರುಪರಂಪರೆಯನ್ನು ಶಾಸನಗಳಿಂದ ಜೋಡಿಸಿದರೆ ಕೇದಾರಶಕ್ತಿ, ಶ್ರೀಕಂಠ, ಸೋಮೇಶ್ವರ, ವಿದ್ಯಾಭರಣ, ಗೌತಮ, ವಾಮಶಕ್ತಿ ಎಂಬ ಹೆಸರುಗಳು ಸಾಲಾಗಿ ಸಿಗುತ್ತವೆ. ಇದರಲ್ಲಿ ವಿದ್ಯಾಭರಣನ ಪ್ರಸಂಗ ನಿಂತು ನೋಡುವಂಥದು.

1129ರ ಹೊತ್ತು, ಚಾಳುಕ್ಯ ಮೂರನೆಯ ಸೋಮೇಶ್ವರನ ಆಳ್ವಿಕೆ. ವಿದ್ಯಾಭರಣ ವಾದದಲ್ಲಿ ಹೆಸರಾದವನು. ಅರಸನ ಮನ್ನಣೆ ಸಿಕ್ಕಿದೆ, ಮಠಕ್ಕೆ ದತ್ತಿ ಬಂದಿದೆ. ದತ್ತಿ ಬಂತೆಂದರೆ ಅದರ ಉಸ್ತುವಾರಿಯೂ ಬಂತು: ಗೇಣಿ ವಸೂಲಿ, ಗಡಿ ತಗಾದೆ, ಉಗ್ರಾಣದ ಲೆಕ್ಕ. ಇದರಿಂದ ತನ್ನ ವಿದ್ಯೆಯ ಸುಖಕ್ಕೆ ಕುಂದು ಬರುವುದನ್ನು ಒಪ್ಪದೆ ಆತ ಮಠದ ಹೊಣೆಯನ್ನು ತನ್ನ ಹಿರಿಯ ಶಿಷ್ಯ ಗೌತಮನಿಗೆ ವಹಿಸಿಕೊಟ್ಟ. ಈ ಸಂಗತಿಯನ್ನು ಶಾಸನವೇ ಹೇಳುತ್ತದೆ. ಅದನ್ನು ಯಾರೂ ಕೊರತೆಯಾಗಿ ಎಣಿಸಲಿಲ್ಲ, ಗುಣವಾಗಿ ಕಂಡು ಕಲ್ಲಿನ ಮೇಲೆ ಬರೆಸಿದರು.

ಇವತ್ತಿನ ವಿದ್ಯಾಸಂಸ್ಥೆಗಳಲ್ಲಿ ಇದರ ಉಲ್ಟಾ ನಡೆಯುವುದೇ ಹೆಚ್ಚು. ಚೆನ್ನಾಗಿ ಪಾಠ ಮಾಡುವ ಮೇಷ್ಟ್ರನ್ನು ಬಡ್ತಿಯ ಹೆಸರಿನಲ್ಲಿ ಕಡತಗಳ ಮುಂದೆ ಕೂರಿಸಿದರೆ ತರಗತಿಗೆ ಮೇಷ್ಟ್ರು ಇಲ್ಲವಾಗುತ್ತಾರೆ, ಕಚೇರಿಗೆ ಅರೆಮನಸ್ಸಿನ ಆಡಳಿತಗಾರರು ಸಿಗುತ್ತಾರೆ. ವಿದ್ಯಾಭರಣನಿಗೆ ತನ್ನ ಕೆಲಸ ಯಾವುದೆಂದು ಗೊತ್ತಿತ್ತು. ಗೌತಮನಿಗೆ ಮಠ ನಡೆಸುವ ಶಕ್ತಿ ಇದೆಯೆಂದೂ ಗೊತ್ತಿತ್ತು. ಗುರು ಇನ್ನೂ ಬದುಕಿರುವಾಗಲೇ ಶಿಷ್ಯ ಹೊಣೆ ಹೊತ್ತದ್ದರಿಂದ ಕೇಳಿ ತಿಳಿದುಕೊಳ್ಳುವ ಅವಕಾಶವೂ ಉಳಿಯಿತು. ಮುಂದೆ ಗೌತಮನ ಕಾಲದಲ್ಲೂ ಮಠಕ್ಕೆ ದತ್ತಿಗಳು ಬರುವುದು ನಿಲ್ಲಲಿಲ್ಲ.

ಹೊಣೆ ದಾಟಿಸುವ ವಿವೇಕ ಈ ಸೀಮೆಯಲ್ಲಿ ಮಠಗಳಿಗಷ್ಟೇ ಸೇರಿದ್ದಲ್ಲ. ಶಿಕಾರಿಪುರ ತಾಲ್ಲೂಕಿನ ಬಂದಳಿಕೆಯಲ್ಲಿ 10ನೇ ಶತಮಾನದ ಆರಂಭದ ಶಾಸನವೊಂದಿದೆ. ನಾಗರಖಂಡ ಎಪ್ಪತ್ತು ಎಂಬ ನಾಡಿನ ನಾಳ್ಗಾವುಂಡ, ಅಂದರೆ ಮುಖ್ಯಾಧಿಕಾರಿ, ಆಗಿದ್ದ ಸತ್ತರಸ ನಾಗಾರ್ಜುನ ತೀರಿಕೊಂಡಾಗ ರಾಷ್ಟ್ರಕೂಟ ಅರಸ ಆ ಅಧಿಕಾರವನ್ನು ಆತನ ಹೆಂಡತಿ ಜಕ್ಕಿಯಬ್ಬೆಗೆ ಕೊಟ್ಟ. ಆಕೆ ಆಡಳಿತದಲ್ಲಿ ಸಮರ್ಥೆ, ಜಿನಭಕ್ತೆ. ಕೆಲವು ವರ್ಷ ನಾಡನ್ನು ನಡೆಸಿದ ಮೇಲೆ ಕಾಯಿಲೆ ಬಿದ್ದಾಗ, ಇನ್ನು ತನ್ನಿಂದಾಗದೆಂದು ಅರಿತು ಮಗಳನ್ನು ಕರೆದು ಅಧಿಕಾರ ಒಪ್ಪಿಸಿ, ಬಂದಳಿಕೆಯ ತೀರ್ಥದಲ್ಲಿ ವ್ರತ ಹಿಡಿದು ದೇಹ ಬಿಟ್ಟಳು. ನಾಗರಖಂಡದ ಮಹಿಳಾ ಮಂಡಲಗಳ ಸಭಾಂಗಣದಲ್ಲಿ ಹಾಕಲು ಹೆಸರು ಹುಡುಕುವವರಿಗೆ ಜಕ್ಕಿಯಬ್ಬೆಗಿಂತ ಒಳ್ಳೆಯ ಹೆಸರು ಸಿಗಲಾರದು.

ಸೊರಬ ತಾಲ್ಲೂಕಿನ ಕುಬಟೂರು ಇನ್ನೊಂದು ಪಾಠ ಕೊಡುತ್ತದೆ. ಆನವಟ್ಟಿಯ ಹತ್ತಿರದ ಈ ಊರು ಶಾಸನಗಳಲ್ಲಿ ಕುಪ್ಪಟೂರು. ಕೈಟಭೇಶ್ವರ ದೇಗುಲದಿಂದ ಅದು ಇವತ್ತು ಹೆಸರಾಗಿದೆ. 11ನೇ ಶತಮಾನದ ಕೊನೆಯ ಭಾಗದಲ್ಲಿ ಬನವಾಸಿಯ ಕದಂಬ ಕೀರ್ತಿದೇವನ ರಾಣಿ ಮಾಳಲದೇವಿ ಇಲ್ಲಿ ಪದ್ಮನಂದಿ ಸಿದ್ಧಾಂತದೇವರ ಕೈಯಿಂದ ಪಾರ್ಶ್ವನಾಥ ಚೈತ್ಯಾಲಯವನ್ನು ಪ್ರತಿಷ್ಠೆ ಮಾಡಿಸಿದಳು. ಊರು ಬ್ರಾಹ್ಮಣ ಅಗ್ರಹಾರ, ಬಸದಿ ಜೈನರದು. ರಾಣಿ ಊರಿನ ಮಹಾಜನರನ್ನು ಗೌರವಿಸಿ, ಬಸದಿಗೆ ಅವರಿಂದಲೇ ಬ್ರಹ್ಮ ಜಿನಾಲಯ ಎಂಬ ಹೆಸರಿಡಿಸಿದಳು. ಅರಸಿಯ ಅಧಿಕಾರ ಕೈಯಲ್ಲಿದ್ದೂ ಊರನ್ನು ಒಪ್ಪಿಸಿ ಕಟ್ಟಿದಳು. ಊರು ತನ್ನದೆಂದುಕೊಂಡ ಸಂಸ್ಥೆಯನ್ನು ಊರೇ ಕಾಯುತ್ತದೆ. ಮೇಲಿನಿಂದ ಬಂದು ಬೋರ್ಡು ಹಾಕಿಹೋದ ಎಷ್ಟೋ ಯೋಜನೆಗಳು ಮೂರು ವರ್ಷಕ್ಕೆ ಬೀಗ ಜಡಿಸಿಕೊಂಡದ್ದನ್ನು ಸೊರಬದ ಹಳ್ಳಿಗಳೂ ಕಂಡಿವೆ.

ಕೋಡಿಯ ಮಠದ ಗಟ್ಟಿತನ ನಿಜವಾಗಿ ಪರೀಕ್ಷೆಗೆ ಬಿದ್ದದ್ದು ರಾಜ್ಯಗಳು ಬದಲಾದಾಗ. ಚಾಳುಕ್ಯರ ಕೈಯಿಂದ ಅಧಿಕಾರ ಕಲಚುರಿಗಳಿಗೆ ಹೋಯಿತು, ಕಲಚುರಿಗಳು ಕುಸಿದರು, ಶತಮಾನದ ಕೊನೆಗೆ ಹೊಯ್ಸಳ ವೀರಬಲ್ಲಾಳ ಬಂದ. ಬಿಜ್ಜಳನಿಂದ 1162ರಲ್ಲಿ ದತ್ತಿ ಪಡೆದವನು ವಾಮಶಕ್ತಿ. 1193ರ ಹೊತ್ತಿಗೆ ಹೊಯ್ಸಳರಿಂದ ದತ್ತಿ ಪಡೆದಾಗಲೂ ವಾಮಶಕ್ತಿಯೇ ಆಚಾರ್ಯ. ನಡುವಿನ 31 ವರ್ಷಗಳಲ್ಲಿ ಈ ಸೀಮೆ ಕಂಡ ಯುದ್ಧ, ದಂಗೆ ಕಡಿಮೆಯಿಲ್ಲ; ಕಲ್ಯಾಣದ ಕ್ರಾಂತಿಯೂ, ಬಿಜ್ಜಳನ ಅಂತ್ಯವೂ ಆ ಅವಧಿಯಲ್ಲೇ ಆದವು. ಇಷ್ಟೆಲ್ಲ ಆಗಿಯೂ ಮಠ ನಡೆದದ್ದಕ್ಕೆ ವಾಮಶಕ್ತಿಯ ಚಾತುರ್ಯವಷ್ಟೇ ಕಾರಣವಾಗಿರಲಾರದು. ಯಾವ ಅರಸ ಬಂದರೂ ಆ ಊಟದ ಪಂಕ್ತಿಯನ್ನು ಎಬ್ಬಿಸುವುದು ಅವನಿಗೆ ಶೋಭೆಯಾಗುತ್ತಿರಲಿಲ್ಲ. ಜನರಿಗೆ ಬೇಕಾದ ಸಂಸ್ಥೆಯನ್ನು ಮುಟ್ಟಲು ಆಳುವವರು ಹಿಂಜರಿಯುತ್ತಾರೆ. ಒಂದೇ ಪಕ್ಷದ, ಒಬ್ಬನೇ ನಾಯಕನ ಕೃಪೆಯಲ್ಲಿ ಬೆಳೆದ ಸಂಸ್ಥೆಗೆ ಈ ರಕ್ಷೆ ಸಿಗುವುದಿಲ್ಲ.

ಕಲ್ಲು ಹೇಳದೆ ಬಿಟ್ಟದ್ದೂ ಬಹಳ ಇದೆ, ಅದನ್ನು ಮುಚ್ಚಿಡುವುದು ಇತಿಹಾಸಕ್ಕೆ ಮಾಡುವ ಅನ್ಯಾಯ. ದತ್ತಿಯ ಗದ್ದೆಗಳಲ್ಲಿ ನಾಟಿ ಮಾಡಿದವರು ಯಾರು, ಅಷ್ಟು ಜನಕ್ಕೆ ದಿನವೂ ಅಕ್ಕಿ ಕೇರಿದ ಹೆಂಗಸರು ಯಾರು, ನೀರು ಹೊತ್ತವರು, ಸೌದೆ ಒಡೆದವರು ಯಾರು ಎಂಬುದಕ್ಕೆ ಆಚಾರ್ಯರ ಪರಂಪರೆಯಂಥ ಪಟ್ಟಿ ಇಲ್ಲ. ವೇದಪಾಠದ ಬಾಗಿಲು ಎಲ್ಲ ಜಾತಿಯ ಮಕ್ಕಳಿಗೂ ತೆರೆದಿತ್ತೆಂದು ಹೇಳುವಂತಿಲ್ಲ. ಅನ್ನದ ಪಂಕ್ತಿ ವಿಶಾಲವಾಗಿತ್ತು, ಅಕ್ಷರದ ಪಂಕ್ತಿ ಅಷ್ಟು ವಿಶಾಲವಾಗಿರಲಿಲ್ಲ. ಬಳ್ಳಿಗಾವಿಯವನೆಂದು ಹೇಳುವ ಅಲ್ಲಮ, ಉಡುತಡಿಯ ಅಕ್ಕಮಹಾದೇವಿ ಇದೇ 12ನೇ ಶತಮಾನದಲ್ಲಿ ಈ ಸೀಮೆಯಿಂದ ಹೊರಟು ಕಲ್ಯಾಣ ಸೇರಿ ಬೇರೆಯೇ ದಾರಿ ಹಿಡಿದರು ಎಂಬುದನ್ನೂ ಇದರ ಜೊತೆಗಿಟ್ಟು ನೋಡಬೇಕು.

13ನೇ ಶತಮಾನದ ನಂತರ ಬಳ್ಳಿಗಾವಿ ಕ್ರಮೇಣ ಮಂಕಾಯಿತು. ಅಧಿಕಾರದ ಕೇಂದ್ರಗಳು ಬೇರೆಡೆಗೆ ಸರಿದವು, ವ್ಯಾಪಾರ ಇಳಿಯಿತು, ಕಾಳಾಮುಖ ಪಂಥವೇ ಕರಗಿತು. ಅದರ ಅನೇಕ ನೆಲೆಗಳು ಮುಂದೆ ವೀರಶೈವ ಮಠಗಳಾದವೆಂದು ವಿದ್ವಾಂಸರು ಹೇಳುತ್ತಾರೆ.

ಈ ಪರಂಪರೆಯ ನೇರ ವಾರಸುದಾರರು ಇಲ್ಲದಿದ್ದರೂ ಅದೇ ಪ್ರಶ್ನೆಗಳಿಗೆ ನಮ್ಮ ಕಾಲದಲ್ಲಿ ಉತ್ತರ ಹುಡುಕಿದ ಸಂಸ್ಥೆ ಪಕ್ಕದ ಸಾಗರ ತಾಲ್ಲೂಕಿನಲ್ಲೇ ಇದೆ. ಹೆಗ್ಗೋಡಿನ ನೀಲಕಂಠೇಶ್ವರ ನಾಟ್ಯಸೇವಾ ಸಂಘ, ಅಂದರೆ ನೀನಾಸಮ್, 1949ರಲ್ಲಿ ಹವ್ಯಾಸಿ ತಂಡವಾಗಿ ಹುಟ್ಟಿತು. ಅಡಿಕೆ ಬೆಳೆಗಾರರಾಗಿದ್ದ ಕೆ. ವಿ. ಸುಬ್ಬಣ್ಣ ಮತ್ತು ಗೆಳೆಯರು ಅದನ್ನು ಅವಸರವಿಲ್ಲದೆ ಬೆಳೆಸಿದರು. ರಂಗಶಿಕ್ಷಣ ಕೇಂದ್ರ ಶುರುವಾದದ್ದು 1980ರಲ್ಲಿ, ಊರೂರು ಸುತ್ತುವ ನಾಟಕ ತಂಡ ತಿರುಗಾಟ 1985ರಲ್ಲಿ. ಸಂಘ ಹುಟ್ಟಿ 31 ವರ್ಷವಾದ ಮೇಲೆ ಶಾಲೆ, ಶಾಲೆ ಶುರುವಾಗಿ 5 ವರ್ಷಕ್ಕೆ ತಂಡ. ಕಲಿತು ಹೊರಬಂದ ಹುಡುಗ ಹುಡುಗಿಯರು ಎಲ್ಲಿ ಹೋಗಬೇಕು, ಏನು ಉಣ್ಣಬೇಕು ಎಂಬ ಪ್ರಶ್ನೆಗೆ ತಿರುಗಾಟ ಒಂದು ಉತ್ತರ. ನಟನೆ ಕಲಿಸಿದ ಸಂಸ್ಥೆಯೇ ನಟರಿಗೆ ಕೆಲಸ ಕೊಟ್ಟು ಊರೂರಿಗೆ ಕಳಿಸಿತು. 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. 2005ರಲ್ಲಿ ಅವರು ತೀರಿಕೊಂಡ ಮೇಲೂ ಶಿಬಿರ, ಶಾಲೆ, ತಿರುಗಾಟ ನಿಲ್ಲಲಿಲ್ಲ. ಸ್ಥಾಪಕರು ಹೋದ ಮೇಲೂ ಕೆಲಸ ನಡೆಯುತ್ತಿದೆಯೇ ಎಂಬುದು ಯಾವ ಸಂಸ್ಥೆಗಾದರೂ ದೊಡ್ಡ ಪರೀಕ್ಷೆ, ಹೆಗ್ಗೋಡು ಅದರಲ್ಲಿ ತೇರ್ಗಡೆಯಾಗಿದೆ.

ಇನ್ನು ಇವತ್ತಿನ ಕಾನೂನಿನ ಮಾತು. 1960ರ ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮದ ಪ್ರಕಾರ ಸಂಘ ಕಟ್ಟಲು ಕನಿಷ್ಠ 7 ಜನ ಬೇಕು. ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ ನಡೆಯಬೇಕು. ಪರಿಶೋಧಿಸಿದ ಲೆಕ್ಕವನ್ನೂ ಆಡಳಿತ ಮಂಡಳಿಯ ಪಟ್ಟಿಯನ್ನೂ ರಿಜಿಸ್ಟ್ರಾರರಿಗೆ ಕೊಡಬೇಕು. ಹಳ್ಳಿಯ ಸಂಘಗಳಲ್ಲಿ ಇದು ಎಷ್ಟೋ ಸಲ ಕಾಟಾಚಾರವಾಗಿ, ಒಂದೇ ಸಂಜೆ ಮೂರು ವರ್ಷದ ಠರಾವು ಬರೆದು ಮುಗಿಸುವ ರೂಢಿ ಬೆಳೆದಿದೆ. ಬಳ್ಳಿಗಾವಿಯವರು ಲೆಕ್ಕವನ್ನು ಎಲ್ಲರೂ ಓದುವ ಕಡೆ ಕಲ್ಲಿನಲ್ಲಿ ನಿಲ್ಲಿಸಿದರು, ತಪ್ಪಿದವರಿಗೆ ವಾರಣಾಸಿಯಲ್ಲಿ ಗೋವನ್ನು ಕೊಂದ ಪಾಪವೆಂದು ಶಾಪ ಹಾಕಿದರು. ಶಾಪದ ಭಯ ಇವತ್ತು ಬೇಡ. ಲೆಕ್ಕವನ್ನು ಸೂಚನಾ ಫಲಕದ ಮೇಲೆ ಅಂಟಿಸಿದರೆ ಸಾಕು.

ದುಡಿಯುವವರ ವಿಷಯದಲ್ಲಿ ಕಾನೂನು ನಿಧಾನವಾಗಿಯಾದರೂ ಮುಂದೆ ಬಂದಿದೆ. 1972ರ ಗ್ರಾಚ್ಯುಟಿ ಕಾಯ್ದೆ 10 ಅಥವಾ ಹೆಚ್ಚು ಜನ ಕೆಲಸ ಮಾಡುವ ಸಂಸ್ಥೆಗಳಲ್ಲಿ 5 ವರ್ಷ ಸೇವೆ ಮಾಡಿದವರಿಗೆ ವರ್ಷಕ್ಕೆ 15 ದಿನದ ವೇತನದ ಲೆಕ್ಕದಲ್ಲಿ ಹಣ ಸಿಗಬೇಕೆಂದಿತು. ಶಿಕ್ಷಕರು ಆ ಕಾಯ್ದೆಯ ನೌಕರ ಎಂಬ ವ್ಯಾಖ್ಯೆಯೊಳಗೆ ಬರುವುದಿಲ್ಲವೆಂದು ಸುಪ್ರೀಂ ಕೋರ್ಟು 2004ರಲ್ಲಿ ಹೇಳಿತು. ಸಂಸತ್ತು 2009ರಲ್ಲಿ ತಿದ್ದುಪಡಿ ತಂದು, 1997ರ ಏಪ್ರಿಲ್ 3ರಿಂದಲೇ ಅನ್ವಯವಾಗುವಂತೆ ಶಿಕ್ಷಕರನ್ನೂ ಒಳಗೆ ಸೇರಿಸಿತು. ಈಗ ಈ ವಿಷಯ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಅಡಕವಾಗಿದೆ. 20 ಅಥವಾ ಹೆಚ್ಚು ನೌಕರರಿದ್ದ ಕಡೆ ಭವಿಷ್ಯನಿಧಿಯೂ ಕಡ್ಡಾಯ. ಸೇವಾಸಂಸ್ಥೆ, ಲಾಭ ಮಾಡುವುದಿಲ್ಲ ಎಂಬ ಕಾರಣಕ್ಕೆ ಇದರಿಂದ ವಿನಾಯಿತಿ ಸಿಗುವುದಿಲ್ಲ. ಸೇವೆ ಮಾಡಬೇಕೆಂಬ ಸಂಕಲ್ಪ ಆಡಳಿತ ಮಂಡಳಿಯದು. ಅದರ ಖರ್ಚನ್ನು ಹಾಸ್ಟೆಲಿನ ಅಡುಗೆಯವರ, ಗೌರವಧನದ ಮೇಲೆ ದುಡಿಯುವ ಉಪನ್ಯಾಸಕರ ಸಂಬಳದಿಂದ ಕಡಿಯುವುದು ಸರಿಯಲ್ಲ. ಕೋಡಿಯ ಮಠದವರು ಅನ್ನದಾನದ ಪುಣ್ಯ ಸಂಪಾದಿಸಿದರು, ಆದರೆ ಅದಕ್ಕೆ ಬೇಕಾದ ಗದ್ದೆಯನ್ನು ಮೊದಲು ಮೀಸಲಿಡಿಸಿಕೊಂಡರು.

ಚಿಕ್ಕ ಸಂಸ್ಥೆಗೆ ಇದೆಲ್ಲ ಹೇಗೆ ಸಾಧ್ಯ ಎಂದು ಕೇಳುವವರಿದ್ದಾರೆ. ಮೂರು ನಾಲ್ಕು ಜನ ದುಡಿಯುವ ಸಂಘಕ್ಕೆ ಕಾನೂನಿನ ಒತ್ತಾಯವೂ ಇರುವುದಿಲ್ಲ. ಅಂಥ ಕಡೆ ಸಹಕಾರಿ ಬ್ಯಾಂಕಿನಲ್ಲಿ ಸಿಬ್ಬಂದಿಯ ಹೆಸರಿನಲ್ಲೊಂದು ಠೇವಣಿ ಇಟ್ಟು, ಪ್ರತಿ ವರ್ಷ ಒಂದಿಷ್ಟು ಹಾಕುತ್ತ ಬಂದರೂ ನಿವೃತ್ತಿಯ ದಿನ ಶಾಲು, ಹಾರದ ಜೊತೆಗೆ ಕೈಗೆ ಏನಾದರೂ ಸಿಗುತ್ತದೆ. ದಾನಿಗಳು ಬಂದಾಗ ಕೊಠಡಿಯ ಜೊತೆ ಅದರ ದುರಸ್ತಿಗೂ, ಅದರಲ್ಲಿ ಪಾಠ ಮಾಡುವವರ ವೇತನಕ್ಕೂ ದತ್ತಿನಿಧಿ ಕೇಳಬಹುದು. ಕಾರ್ಯದರ್ಶಿ ಸ್ಥಾನಕ್ಕೆ ಅವಧಿಯ ಮಿತಿ ಹಾಕಿ, ಅವರ ಜೊತೆಗೆ ಒಬ್ಬ ಕಿರಿಯರನ್ನು ಕೂರಿಸಿ ಕೆಲಸ ಕಲಿಸಬಹುದು. ಇದಾವುದಕ್ಕೂ ದೊಡ್ಡ ಬಂಡವಾಳ ಬೇಕಿಲ್ಲ.

ಶಿಕಾರಿಪುರ, ಸೊರಬ ತಾಲ್ಲೂಕುಗಳ ಸಂಘಸಂಸ್ಥೆಗಳ ಪದಾಧಿಕಾರಿಗಳಲ್ಲಿ ಒಂದು ಕೋರಿಕೆ. ನಿಮ್ಮ ಮುಂದಿನ ವಾರ್ಷಿಕ ವರದಿಯಲ್ಲಿ ದಾನಿಗಳ ಪಟ್ಟಿಗಿಂತ ಮೊದಲು ಒಂದು ಪುಟವನ್ನು ದುಡಿಯುವವರಿಗೆ ಮೀಸಲಿಡಿ. ಬೋಧಕರಿಂದ ಹಿಡಿದು ಅಡುಗೆಯವರು, ಕಾವಲುಗಾರರು, ಕಸ ಗುಡಿಸುವವರವರೆಗೆ ಪ್ರತಿಯೊಬ್ಬರ ಹೆಸರು, ಅವರು ಸೇರಿದ ವರ್ಷ ಅಲ್ಲಿ ಬರಲಿ. ಅವರಿಗಾಗಿ ಈವರೆಗೆ ಕೂಡಿಟ್ಟಿರುವ ಮೊತ್ತವೂ ಅದೇ ಪುಟದಲ್ಲಿ ಅಚ್ಚಾಗಲಿ.